ಅಪ್ಪ ಹಾಸಿಗೆಯಲ್ಲಿರುವಾಗ ಗೆಳತಿಯರ ಜೊತೆ ನಗಬಹುದೇ? – ಓದುಗರ ಸ್ಪಂದನ

ಕಾರವಾರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ತೋಡಿಕೊಂಡಿದ್ದರು. ತಂದೆಗೆ ಪಾರ್ಶ್ವವಾಯು ಬಡಿದು ಎಡಭಾಗದ ಸ್ವಾಧೀನ ತಪ್ಪಿದೆ. ಪತಿ ಟ್ರಾಲ್ ಬೋಟಿನಲ್ಲಿ ದುಡಿಯುವವರು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಸಂಪಾದನೆ ನಿಂತಿದೆ. ವಾರಕ್ಕೊಂದು ಸಂಜೆ ಶಾಲೆಯ ಗೆಳತಿಯರ ಜೊತೆ ಟ್ಯಾಗೋರ್ ಕಡಲತೀರದ ಬಳಿ ಕುಳಿತು, ಬನ್ಸ್ ತಿಂದು, ಚಹಾ ಕುಡಿದು ಬರುವುದೊಂದೇ ಅವರಿಗಿದ್ದ ಬಿಡುವು. ಪುಣೆಯಲ್ಲಿರುವ ಅಣ್ಣ ಫೋನಿನಲ್ಲಿ, ‘ಅಪ್ಪ ಹೀಗಿರುವಾಗ ನಿನಗೆ ನಗು ಹೇಗೆ ಬರುತ್ತದೆ?’ ಎಂದರಂತೆ. ಹೋಗುವುದನ್ನು ನಿಲ್ಲಿಸಬೇಕೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹೆತ್ತವರು ಮಲಗಿದಲ್ಲೇ ಇರುವಾಗ ಕಡಲತೀರದ ಹರಟೆ ಶೋಭಿಸುವುದಿಲ್ಲ. ಗೆಳತಿಯರು ಎಲ್ಲಿಗೂ ಓಡಿಹೋಗುವುದಿಲ್ಲ. ಅಣ್ಣ ಹೇಳಿದ್ದು ಸರಿ.
– ಕುಮಟಾದ ಓದುಗರು

ಇದೇ ಅಭಿಪ್ರಾಯದ ಪತ್ರಗಳು ಇನ್ನೂ ಇವೆ. ತಂದೆಯ ಸ್ನಾನ, ಊಟ, ಔಷಧ, ರಾತ್ರಿಯ ಎಚ್ಚರ ಎಲ್ಲವೂ ಈ ಮಗಳದೇ ಎಂಬುದನ್ನು ಮೂಲ ಪತ್ರದಲ್ಲಿ ಓದಿದವರಿಗೆ ನೆನಪಿಸಬಯಸುತ್ತೇವೆ. ಮುಂದಿನ ಪತ್ರ ದೀರ್ಘವಾಗಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

ತಂಗೀ, ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಮ್ಮನೂ ಹೀಗೆಯೇ ಮಲಗಿದ್ದಳು. ಅದೂ ಆಷಾಢವೇ. ಮಳೆ ಬಿಡುವು ಕೊಡದೆ ತೋಟಕ್ಕೆ ಎರಡನೆಯ ಸಲ ಬೋರ್ಡೋ ಔಷಧ ಹೊಡೆಸಲಾಗಲಿಲ್ಲ. ಕೊಳೆ ರೋಗ ಬಿದ್ದು ಹಸಿರು ಅಡಿಕೆ ಮರದ ಬುಡದಲ್ಲಿ ರಾಶಿ ಉದುರುತ್ತಿತ್ತು. ಒಳಗೆ ಅಮ್ಮ, ಹೊರಗೆ ತೋಟ, ಎರಡೂ ಕಣ್ಣೆದುರೇ ಹೋಗುತ್ತಿದ್ದವು. ಗಂಡ ಮಾತು ಬಿಟ್ಟಿದ್ದರು.

ಆಗ ಹಳ್ಳದ ಆಚೆಯ ಇಬ್ಬರು ಗೆಳತಿಯರು ಸಂಕ ದಾಟಿ ಬರುತ್ತಿದ್ದರು. ‘ಹೇಗಿದ್ದಾರೆ’ ಎಂದು ಕೇಳಲು ಬಂದವರಲ್ಲ, ಕೆಲಸ ಹೊತ್ತು ಬಂದವರು. ಒಂದು ದಿನ ಕಳಲೆ, ಎಳೆ ಬಿದಿರಿನ ಮೊಳಕೆ, ತಂದರು. ಕಳಲೆಯ ಕೆಲಸ ನಿಮಗೂ ಗೊತ್ತಿರಬಹುದು: ಸಿಪ್ಪೆಯನ್ನು ಒಂದೊಂದಾಗಿ ಬಿಡಿಸಬೇಕು, ಅದರ ಸುಂಗು ಕೈಗೆ ಚುಚ್ಚುತ್ತದೆ, ಒಳಗಿನ ಎಳೆಯದನ್ನು ತೆಳ್ಳಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿ ದಿನಾ ನೀರು ಬದಲಿಸಬೇಕು, ಇಲ್ಲವಾದರೆ ಕಹಿ ಹೋಗುವುದಿಲ್ಲ. ಜಗಲಿಯಲ್ಲಿ ಹೆಚ್ಚುತ್ತ ಕುಳಿತಾಗ, ಚಿಕ್ಕವರಿದ್ದಾಗ ತಾಳಮದ್ದಳೆಯಲ್ಲಿ ನಿದ್ದೆ ಹೋಗಿ ಭೀಮನ ಅಬ್ಬರಕ್ಕೆ ಬೆಚ್ಚಿ ಎದ್ದು ಅತ್ತವಳ ಕಥೆ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಳಗಿನಿಂದ ಅಮ್ಮ ತೊದಲುತ್ತ, ‘ನನಗೂ ಹೇಳಿ’ ಎಂದಳು. ಕಳಲೆಯ ಹರಿವಾಣವನ್ನು ಅವಳ ಮಂಚದ ಹತ್ತಿರಕ್ಕೇ ಒಯ್ದೆವು.

ಆಷಾಢ ಮುಗಿಯುವ ಮೊದಲೇ ಅಮ್ಮ ಹೋದಳು. ವೈಕುಂಠ ಸಮಾರಾಧನೆಯ ದಿನ, ಊಟದ ಪಂಕ್ತಿಯಲ್ಲಿ, ಹತ್ತಿರದ ನೆಂಟರೊಬ್ಬರು ಎಲ್ಲರಿಗೂ ಕೇಳುವಂತೆ ಅಂದರು: ‘ತಾಯಿ ಸಾಯುತ್ತಿದ್ದರೆ ಮಗಳು ಜಗಲಿಯಲ್ಲಿ ನಗುತ್ತಿದ್ದಳು.’ ಬಡಿಸುತ್ತಿದ್ದ ನನ್ನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ವರ್ಷಗಳೇ ಕಳೆದರೂ ಆ ಮಾತು ಒಳಗಿನಿಂದ ಹೋಗಿಲ್ಲ. ಆದರೆ ತಂಗೀ, ಆ ನೆಂಟರು ಒಂದು ರಾತ್ರಿಯೂ ಅಮ್ಮನ ಮಗ್ಗುಲು ಬದಲಿಸಲು ಬಂದವರಲ್ಲ. ನಕ್ಕ ದಿನ ರಾತ್ರಿ ನಾನು ಅಮ್ಮನ ಮೇಲೆ ರೇಗದೆ ಎದ್ದು ಕೂರುತ್ತಿದ್ದೆ. ನಗದ ದಿನಗಳಲ್ಲಿ ಹೇಗಿರುತ್ತಿದ್ದೆ ಎಂಬುದು ಅಮ್ಮನಿಗೂ ನನಗೂ ಮಾತ್ರ ಗೊತ್ತು. ನೀವು ಹೋಗಿ. ಹೋಗಲಾಗದ ವಾರ ಅವರನ್ನೇ ಮನೆಗೆ ಕರೆಯಿರಿ. ಅಪ್ಪನ ಎದುರೇ ಕುಳಿತು ಮಾತಾಡಿ.
– ಶಿರಸಿ ತಾಲ್ಲೂಕಿನ ಓದುಗರು

ಬೈತಖೋಲದ ಬೋಟ್ ಕಾರ್ಮಿಕರೊಬ್ಬರ ಪತ್ರ ಬೇರೆಯದೇ ಪ್ರಶ್ನೆಗೆ ಉತ್ತರಿಸುತ್ತದೆ: ಆ ಸಂಜೆ ಅಪ್ಪನ ಬಳಿ ಯಾರು ಕೂರಬೇಕು? ಕೇಳಬೇಕಾದ ಪ್ರಶ್ನೆಯೇ ಅದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆಲ್ಲ ನಿಷೇಧ. ಕೈಯಲ್ಲಿ ದುಡ್ಡಿಲ್ಲ ನಿಜ, ಹೊತ್ತು ಇದೆ. ನಾವು ಗಂಡಸರು ಬಂದರಿನ ಶೆಡ್ಡಿನಲ್ಲಿ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಸಂಜೆಯವರೆಗೆ ಮಾತಾಡುತ್ತ ಕೂರುತ್ತೇವೆ. ನಮ್ಮನ್ನು ಯಾರೂ ತಪ್ಪು ಎನ್ನುವುದಿಲ್ಲ. ಆ ಒಂದು ಸಂಜೆ ಮಾವನ ಪಕ್ಕ ನಿಮ್ಮ ಯಜಮಾನರು ಕೂರಲಿ. ಆಗಸ್ಟ್‌ನಲ್ಲಿ ಬೋಟು ಹೊರಟ ಮೇಲೆ ಅವರು ಬೇಕೆಂದರೂ ಸಿಗುವುದಿಲ್ಲ.
– ಬೈತಖೋಲದ ಬೋಟ್ ಕಾರ್ಮಿಕರು

ಮುಖ್ಯ ವಿಷಯವನ್ನು ಎಲ್ಲರೂ ಮರೆತಿದ್ದೀರಿ. ಗಂಭೀರ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡುತ್ತೇವೆ. ಪಾರ್ಶ್ವವಾಯುವಿಗೆ ಮೊದಲ ಕೆಲವು ತಾಸುಗಳೇ ಜೀವಾಳ. ಅವು ನಮಗೆ ದಾರಿಯಲ್ಲೇ ಕಳೆಯುತ್ತವೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಎಷ್ಟು ಸಲ ಬೀದಿಗಿಳಿದರು! ಚಹಾ ಕುಡಿಯುವುದು ತಪ್ಪೋ ಸರಿಯೋ ಎಂದು ಚರ್ಚಿಸುವ ಬದಲು ಅದನ್ನು ಕೇಳಿ.
– ಅಂಕೋಲಾದ ಓದುಗರು

ಬೇಡಿಕೆ ನ್ಯಾಯವಾದದ್ದು. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇವೆ. ಹೊನ್ನಾವರದ ಹಿರಿಯ ಓದುಗರೊಬ್ಬರು ಸಂಪ್ರದಾಯದ ಮಾತೆತ್ತಿದ್ದಾರೆ.

ಆಷಾಢದಲ್ಲಿ ಹೊಸ ಮದುಮಗಳನ್ನು ತವರಿಗೆ ಕಳಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕಾರಣ ಏನೇ ಹೇಳಲಿ, ದುಡಿದು ಬಸವಳಿದ ಹೆಣ್ಣಿಗೆ ತನ್ನವರ ನಡುವೆ ಕೂರಲು ಅಷ್ಟು ದಿನ ಸಿಗುತ್ತಿತ್ತು. ತವರೇ ಹಾಸಿಗೆ ಹಿಡಿದಾಗ ಗೆಳತಿಯರಲ್ಲದೆ ಇನ್ನಾರು?

ಕೊನೆಯದಾಗಿ, ಕಾರವಾರದ ಕೋಡಿಬಾಗದಿಂದ ಬಂದ ಅಂಚೆ ಕಾರ್ಡು.

ನಾನು ನಿವೃತ್ತ ದಾದಿ. ಪಾರ್ಶ್ವವಾಯು ರೋಗಿಗಳನ್ನು ನೋಡಿಕೊಂಡು ಅಭ್ಯಾಸವಿದೆ. ಯಾವ ಸಂಜೆ ಎಂದು ತಿಳಿಸಿದರೆ ಎರಡು ತಾಸು ಅಪ್ಪನ ಬಳಿ ನಾನು ಕೂರುತ್ತೇನೆ. ಹಣದ ಮಾತು ಬೇಡ.

ಈ ಕಾರ್ಡನ್ನು ಮೂಲ ಪತ್ರ ಬರೆದವರಿಗೆ ತಲುಪಿಸಿದ್ದೇವೆ. ಗುರುವಾರವಾದರೆ ಅನುಕೂಲ ಎಂದು ಅವರು ತಿಳಿಸಿದ್ದಾರೆ.