ಶೀಟಿನ ಮನೆ: ಗ್ಲಾಸ್ ವೂಲ್ ಹಾಕಿಸಿದ ಮೇಲೆ ಬೆಳಿಗ್ಗೆ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿದೆ

ಪ್ರಶ್ನೆ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಊರಾಚೆ ಒಂದು ಚಿಕ್ಕ ಮನೆ. ಒಂದು ರೂಮು, ಒಂದು ಅಡುಗೆಮನೆ, ಮೇಲೆ ತಗಡಿನ ಶೀಟು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ, ಅಮ್ಮ ಹೊಂಗೆ ಮರದ ಕೆಳಗೆ ಚಾಪೆ ಹಾಕಿಕೊಂಡು ಮಲಗುತ್ತಿದ್ದರು. ಅದಕ್ಕೇ ಪಿವಿಸಿ ಸೀಲಿಂಗ್ ಮಾಡಿಸಿ ಅದರ ಮೇಲೆ ಎರಡು ಇಂಚಿನ ಗ್ಲಾಸ್ ವೂಲ್ (ಕಾವು ತಡೆಯುವ ಗಾಜಿನ ನಾರಿನ ಹಾಸು) ಹಾಕಿಸಿದೆ. ಜಾಗ ಸಾಲದ ಕಡೆ ಕೆಲಸದವರು ಒತ್ತಿ ತುರುಕಿದರು. ಹಗಲು ಸ್ವಲ್ಪ ವಾಸಿ ಆಯಿತು, ಆದರೆ ರಾತ್ರಿ ಹತ್ತಾದರೂ ಸೆಕೆ ಇಳಿಯುತ್ತಿರಲಿಲ್ಲ. ಈಗ ಚಳಿಗಾಲದಲ್ಲಿ ಬೇರೆ ಕಾಟ. ಬೆಳಗಿನ ಜಾವ ಸೀಲಿಂಗ್ ಜಾಯಿಂಟಿನಿಂದ ಹಾಸಿಗೆ ಮೇಲೆ ನೀರು ಬೀಳುತ್ತದೆ. ಮಳೆ ನಿಂತು ತಿಂಗಳಾಯಿತು! ಶೀಟಿನ ಸ್ಕ್ರೂಗಳಿಗೆಲ್ಲ ಸೀಲೆಂಟ್ ಹಚ್ಚಿಸಿದೆ, ಪ್ರಯೋಜನವಾಗಲಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ (ಕೋಲಾರ)

ಸಾರ್, ಅದು ಸೋರಿಕೆ ಅಲ್ಲ, ಇಬ್ಬನಿ. ನಮ್ಮ ಮನೆಯಲ್ಲೂ ಎರಡು ಚಳಿಗಾಲ ಇದೇ ಆಗಿತ್ತು, ಸುಮ್ನೆ ಸೀಲೆಂಟ್‌ಗೆ ದುಡ್ಡು ಸುರಿದೆವು. ಮೋಡ ಇಲ್ಲದ ರಾತ್ರಿ ತಗಡು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಿಗ್ಗೆ ಬೈಕ್ ಸೀಟಿನ ಮೇಲೆ ನೀರು ಕೂತಿರುತ್ತದಲ್ವಾ, ಅದೇ ಕಥೆ. ಅನ್ನ ಬೇಯುವ ಹಬೆ, ಸ್ನಾನದ ನೀರಿನ ಹಬೆ, ಮಲಗಿದವರ ಉಸಿರು, ಎಲ್ಲವೂ ಸೀಲಿಂಗ್ ಸಂದಿಯಿಂದ ಮೇಲೆ ಹೋಗಿ ಆ ತಣ್ಣನೆ ತಗಡಿಗೆ ತಾಗಿ ನೀರಾಗುತ್ತದೆ. ಮೋಡ ಕವಿದ ರಾತ್ರಿ ಕಳೆದು ಬೆಳಿಗ್ಗೆ ನೋಡಿ, ತೊಟ್ಟಿಕ್ಕುವುದು ಕಡಿಮೆ ಇದ್ದರೆ ಇದೇ ಕಾರಣ. ಒಂದು ಪ್ಯಾನೆಲ್ ಬಿಚ್ಚಿ ವೂಲ್ ಮುಟ್ಟಿ ನೋಡಿ.

ಇನ್ನೊಂದು. ಗೋಡೆ ಮೇಲೆ ಶೀಟು ಕೂರುವ ಜಾಗದಲ್ಲಿ ಅಲೆಗಳ ಸಂದಿಗೆ ಗಾರೆ ಮೆತ್ತಿದ್ದಾರಾ?

ಪ್ರಶ್ನೆ ಕೇಳಿದವರು

ಅಣ್ಣ, ಈಗಷ್ಟೇ ಬಿಚ್ಚಿದೆ. ವೂಲ್ ನೆನೆದ ಕೌದಿ ಥರ ಭಾರವಾಗಿದೆ, ಹಿಂಡಿದರೆ ಕಂದು ನೀರು ಬರುತ್ತದೆ. ಶೀಟಿಗೆ ಅಂಟಿಕೊಂಡಿದ್ದ ಕಡೆ ತುಕ್ಕು ಹಿಡಿದು ಬೆರಳಿಗೆ ಪುಡಿ ಬರುತ್ತಿದೆ. ನೋಡಿ ಹೊಟ್ಟೆ ಉರಿಯಿತು. ಹೌದು, ಅಲೆ ಸಂದಿಗೆಲ್ಲ ಸುತ್ತಲೂ ಗಾರೆ ಮೆತ್ತಿದ್ದಾರೆ, ಅಳಿಲು ಬರಬಾರದು ಅಂತ ನಾನೇ ಹೇಳಿದ್ದೆ.

ಉತ್ತರ (ಕೋಲಾರ)

ಹಾಗಿದ್ದರೆ ಮೊದಲು ಆ ಗಾರೆ ಬಿಡಿಸಿ. ಇಳಿಜಾರಿನ ಕೆಳಗಿನ ಕಡೆ ಮತ್ತು ಮೇಲಿನ ಕಡೆ ಎರಡೂ ತೆರೆದಿರಬೇಕು, ಆಗ ಗಾಳಿ ಕೆಳಗೆ ನುಗ್ಗಿ ಮೇಲೆ ಹೊರಗೆ ಹೋಗುತ್ತದೆ. ಅಳಿಲಿಗೆ ಗಟ್ಟಿ ತಂತಿ ಜಾಲರಿ ಬಡಿಯಿರಿ, ಪ್ಲಾಸ್ಟಿಕ್ ಜಾಲರಿಯನ್ನು ಕಡಿದು ಹಾಕುತ್ತದೆ. ಶೀಟಿಗೂ ವೂಲ್‌ಗೂ ಮಧ್ಯೆ ಎರಡು ಇಂಚಾದರೂ ಖಾಲಿ ಬಿಡಿ. ಇದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ. ವೂಲ್ ಕಾವು ತಡೆಯುವುದು ಒಳಗೆ ಹಿಡಿದಿಟ್ಟ ಗಾಳಿಯಿಂದ, ಒತ್ತಿದರೂ ನೆನೆದರೂ ಆ ಗಾಳಿ ಹೋಯಿತು, ಹಾಕಿದ್ದೂ ಅಷ್ಟೇ ಬಿಟ್ಟಿದ್ದೂ ಅಷ್ಟೇ. ನೆನೆದದ್ದನ್ನು ಬಿಸಿಲಿಗೆ ಹಾಕಿ, ಪೂರ್ತಿ ಒಣಗಿ ಉಬ್ಬಿದರೆ ಮತ್ತೆ ಬಳಸಿ, ಚಪ್ಪಟೆಯಾಗಿಯೇ ಉಳಿದರೆ ಬಿಸಾಕಿ. ಮುಟ್ಟುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಶರ್ಟು ಬೇಕೇ ಬೇಕು. ಫಾಯಿಲ್ ಇರುವ ವೂಲ್ ಆದರೆ ಫಾಯಿಲ್ ಮುಖ ಕೆಳಗೆ, ರೂಮಿನ ಕಡೆ ಇರಲಿ, ಹಬೆ ಮೇಲೆ ಹೋಗದಂತೆ ಅದೇ ತಡೆಯುತ್ತದೆ. ಜಾಯಿಂಟಿಗೆ ಟೇಪ್ ಹಾಕಿ. ಫ್ಯಾನ್ ರಾಡ್ ಸುತ್ತಲಿನ ತೂತಿಗೆ ಸಿಲಿಕೋನ್ ತುಂಬಿ. ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಇದನ್ನೆಲ್ಲ ಮಾಡಿಯೂ ಅರ್ಧ ಫಲವೇ.

ಮತ್ತೊಬ್ಬರು (ತುಮಕೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎಲ್‌ಇಡಿ ಲೈಟಿನ ಡ್ರೈವರ್ (ಲೈಟಿಗೆ ಕರೆಂಟ್ ಹೊಂದಿಸಿ ಕೊಡುವ ಚಿಕ್ಕ ಡಬ್ಬಿ) ಮೇಲೆ ವೂಲ್ ಹೊದಿಸಬೇಡಿ, ಕಾದು ಕೆಟ್ಟುಹೋಗುತ್ತದೆ. ಇನ್ನು ಯಾರಾದರೂ ಅಗ್ಗ ಅಂತ ವೂಲ್ ಬದಲು ಥರ್ಮಾಕೋಲ್ ಹಾಕಿ ಅಂದರೆ ಬೇಡ, ಬೆಂಕಿ ಬೇಗ ಹಿಡಿಯುತ್ತದೆ, ವೈರಿಗೆ ತಾಗಿದ್ದರೆ ವೈರಿನ ಪಿವಿಸಿ ಕವಚವೂ ಹಾಳಾಗುತ್ತದೆ. ರಾತ್ರಿ ಸೆಕೆಗೆ ಕಾರಣ ನಿಮ್ಮ ಗೋಡೆ ಇರಬಹುದು. ಮೊದಲು ಬರೀ ತಗಡಿದ್ದಾಗ ಸಂಜೆ ಬೇಗ ತಣ್ಣಗಾಗುತ್ತಿತ್ತು, ಈಗ ಹಗಲೆಲ್ಲ ಬಿಸಿಲು ಕುಡಿದ ಪಡುವಣ ಗೋಡೆ ರಾತ್ರಿ ಕಾವು ಬಿಡುತ್ತದೆ, ವೂಲ್ ಅದನ್ನು ಒಳಗೇ ತಡೆಯುತ್ತದೆ. ಆ ಗೋಡೆಗೆ ಹೊರಗಿನಿಂದ ಬಿಳಿ ಸುಣ್ಣ ಹೊಡೆಸಿ, ಶೀಟಿಗೂ ಬಿಳಿ ಕೂಲ್ ರೂಫ್ ಪೇಂಟ್ ಹಾಕಿಸಿ. ಸಂಜೆ ಏಳರ ಮೇಲೆ ಎದುರುಬದುರು ಕಿಟಕಿ ತೆಗೆದಿಡಿ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ)

ಗಾರೆ ಬಿಡಿಸಿ ಜಾಲರಿ ಹಾಕಿಸಿದೆ. ಅರ್ಧ ವೂಲ್ ಒಣಗಿ ಸರಿಹೋಯಿತು, ಉಳಿದದ್ದು ಹೊಸದು. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ ಅಂತ ಅಮ್ಮನಿಗೆ ಹೇಳಿದ್ದೇನೆ. ನಿನ್ನೆ ಬೆಳಿಗ್ಗೆ ನಂದಿ ಬೆಟ್ಟವೇ ಕಾಣದಷ್ಟು ಮಂಜು ಇತ್ತು, ಇವತ್ತು ಆಕಾಶ ಪೂರ್ತಿ ತೆರೆದಿತ್ತು. ಎರಡೂ ದಿನ ಆರು ಗಂಟೆಗೆ ಎದ್ದು ಹಾಸಿಗೆ ಮೇಲೆಲ್ಲ ಕೈಯಾಡಿಸಿ ನೋಡಿದೆ, ಒಣಗಿತ್ತು. ಸುಣ್ಣ ಮಾರ್ಚ್ ಹೊತ್ತಿಗೆ ಹೊಡೆಸುತ್ತೇನೆ, ಸೆಕೆ ಎಷ್ಟು ಇಳಿಯಿತು ಅಂತ ಇಲ್ಲೇ ಬಂದು ಹೇಳುತ್ತೇನೆ.