ಸ್ವೀಪ್ ಜನರೇಟರ್ ಪೈಥಾನ್‌ನಿಂದ ಕೊಟ್ಟ ಫ್ರೀಕ್ವೆನ್ಸಿ ಮರೆತುಬಿಡುತ್ತೆ, ತಲೆ ಕೆಟ್ಟುಹೋಗಿದೆ

ಕ್ರಿಸ್ಟಲ್‌ಕಿಟ್ಟಿ:
ಮೂರು ರಾತ್ರಿ ಹಾಳಾಯ್ತು. ಎಡಿ9850 ಚಿಪ್ ಹಾಕಿ ಸ್ವೀಪ್ ಜನರೇಟರ್ (ಫ್ರೀಕ್ವೆನ್ಸಿಯನ್ನ ಒಂದು ತುದಿಯಿಂದ ಇನ್ನೊಂದಕ್ಕೆ ಓಡಿಸೋ ಯಂತ್ರ) ಮಾಡಿದೀನಿ, ಸಿಗ್ನಲ್ ಮಟ್ಟ ಅಳೆಯೋಕೆ ಎಡಿ8307 ಡಿಟೆಕ್ಟರ್. ಕಂಪ್ಯೂಟರಿನಿಂದ ಶುರು ಫ್ರೀಕ್ವೆನ್ಸಿ ಕಳಿಸ್ತೀನಿ, "ಓಕೆ" ಅನ್ನುತ್ತೆ. ಕೊನೆ ಫ್ರೀಕ್ವೆನ್ಸಿ ಕಳಿಸ್ತೀನಿ, ಅದಕ್ಕೂ "ಓಕೆ". ಸ್ವೀಪ್ ಮಾಡು ಅಂದ ತಕ್ಷಣ 1ರಿಂದ 30 ಮೆಗಾಹರ್ಟ್ಸ್ ಪೂರ್ತಿ ಓಡಿಸುತ್ತೆ. ನಾನು ಕೇಳಿದ್ದು 9.990ರಿಂದ 10.010. ಪ್ರತಿ ಸಲವೂ ಹೀಗೇ. ಪ್ರೋಗ್ರಾಂ ಸರಿ ಇದೆ, ಹತ್ತು ಸಲ ನೋಡಿದೀನಿ. ಏನಿರಬಹುದು?

ಹಳೇರೇಡಿಯೋ:
ಯಾವ ಬೋರ್ಡು? ಯಾವ ಪೋರ್ಟು? ಎಷ್ಟು ಬಾಡ್ ರೇಟ್? ಏನೂ ಹೇಳದೆ "ಏನಿರಬಹುದು" ಅಂದ್ರೆ ನಾವೇನು ಶಾಸ್ತ್ರ ಹೇಳೋರಾ?
ಆದ್ರೂ ಹೇಳ್ತೀನಿ. ಫ್ಲೋಟ್ (ದಶಮಾಂಶ ಸಂಖ್ಯೆ) ಸಮಸ್ಯೆ. ಆರ್ಡುಇನೋ ಊನೋ ಬೋರ್ಡಿನಲ್ಲಿ ಡಬಲ್ ಅಂತ ಬರೆದ್ರೂ 4 ಬೈಟೇ. ಚಿಪ್‌ಗೆ ಫ್ರೀಕ್ವೆನ್ಸಿ ಹೇಳೋ ಸಂಖ್ಯೆ, ಟ್ಯೂನಿಂಗ್ ವರ್ಡ್, 32 ಬಿಟ್, ಫ್ಲೋಟಿನಲ್ಲಿ ನಿಲ್ಲೋದು 24 ಬಿಟ್. ಲೆಕ್ಕ ಎಡವುತ್ತೆ.

ಕ್ರಿಸ್ಟಲ್‌ಕಿಟ್ಟಿ:
ಊನೋನೇ ಸರ್, ಇನ್ನೇನು ಇರುತ್ತೆ. 115200. ಫ್ರೀಕ್ವೆನ್ಸಿ ಎಲ್ಲಾ ಅನ್‌ಸೈನ್ಡ್ ಲಾಂಗ್‌ನಲ್ಲಿದೆ, ಗುಣಾಕಾರ ಮಾತ್ರ ಡಬಲ್.

ಹಳೇರೇಡಿಯೋ:
ಅದೇ ಹೇಳಿದ್ದು ನಾನು. ಬದಲಿಸಿ.

ಬೆಸುಗೆಬಸ್ಯ:
ಹಳೇರೇಡಿಯೋ ಸರ್, ಲೆಕ್ಕ ಹಾಕಿ ಮಾತಾಡೋಣ. 125 ಮೆಗಾಹರ್ಟ್ಸ್ ಕ್ಲಾಕಿಗೆ ಒಂದೊಂದು ಎಣಿಕೆ 0.0291 ಹರ್ಟ್ಸ್. 10 ಮೆಗಾಹರ್ಟ್ಸಿಗೆ ವರ್ಡ್ 34 ಕೋಟಿ ಚಿಲ್ಲರೆ, ಅಂದ್ರೆ 29 ಬಿಟ್. ಕೆಳಗಿನ 5 ಬಿಟ್ ಉದುರಿದ್ರೆ 32 ಎಣಿಕೆಯ ಮೆಟ್ಟಿಲು, 0.93 ಹರ್ಟ್ಸ್. ಆ ಮಾಡ್ಯೂಲಿನ ಕ್ಲಾಕ್ ತಾನೇ ಅದಕ್ಕಿಂತ ಎಷ್ಟೋ ಪಾಲು ಆಚೀಚೆ ಇರುತ್ತೆ. 10 ಮೆಗಾಹರ್ಟ್ಸ್ ಕೇಳಿದವನಿಗೆ 1 ಮೆಗಾಹರ್ಟ್ಸ್ ಕೊಡೋ ತಪ್ಪು ಇದಲ್ಲ.

ಹಳೇರೇಡಿಯೋ:
ತಪ್ಪು ತಪ್ಪೇ. ಸಣ್ಣದು ದೊಡ್ಡದು ಅಂತ ಇಲ್ಲ.

ಜಿಪಿಐಬಿಗುಂಡ:
ಈ ಆಟಿಕೆ ಬೋರ್ಡುಗಳ ಸಹವಾಸವೇ ಬೇಡ. ನನ್ನ ಮೇಜಿನ ಮೇಲೆ ಎರಡು ಆಳು ಎತ್ತಬೇಕಾದ ಹಳೇ ಸ್ವೀಪರ್ ಇದೆ, ಜಿಪಿಐಬಿ (ಅಳತೆ ಉಪಕರಣಗಳನ್ನ ಕಂಪ್ಯೂಟರಿಗೆ ಜೋಡಿಸೋ ಬಸ್). ಒಂದೇ ಬಸ್ಸಿನಲ್ಲಿ ಸ್ವೀಪರ್, ಪವರ್ ಮೀಟರ್, ಕೌಂಟರ್. ಕೇಬಲ್ಲೇ ಹೆಬ್ಬೆರಳು ದಪ್ಪ. ಅದರ ಮಾನಕ ಐಇಇಇ 488 ಬಂದದ್ದು 1975ರಲ್ಲಿ, ಇವತ್ತಿಗೂ ಓಡ್ತಿದೆ. ಒಂದೇ ಕಿರಿಕಿರಿ, ನೀನು ಯಾರು ಅಂತ ಐಡಿಎನ್ ಕಳಿಸಿದ್ರೆ ಮೂಕ ಬಸವನ ಥರ ಕೂತುಬಿಡುತ್ತೆ. ಆ ಪ್ರಶ್ನೆ ಹುಟ್ಟಿದ್ದೇ 1987ರ 488.2ರಲ್ಲಿ, ನನ್ನದು ಅದಕ್ಕಿಂತ ಹಿರಿಯ. ಅದರದೇ ಎರಡಕ್ಷರದ ಆಜ್ಞೆ ಕೊಟ್ಟರೆ ಮಾತ್ರ ಬಾಯಿ ಬಿಡುತ್ತೆ.

ಶಬ್ದಮಣಿ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಸ್ವೀಪ್ ಜನರೇಟರ್‌ಗೆ ಕನ್ನಡದಲ್ಲಿ ಏನಾದ್ರೂ ಹೇಳಬಾರದಾ? "ಸರಿತ ಕಂಪನಾಂಕ ಜನಕ"?

ಬೆಸುಗೆಬಸ್ಯ:
"ಗುಡಿಸುವ ಯಂತ್ರ" ಅಂದುಬಿಡಿ, ಮನೆಯವರೂ ಖುಷಿಯಾಗ್ತಾರೆ.

ಶಬ್ದಮಣಿ:
ನಗೋದು ಸುಲಭ. ಪದ ಕಟ್ಟೋದು ಕಷ್ಟ.

ತರಂಗಿಣಿ:
ಕಿಟ್ಟಿ ಅವರೇ, ಎರಡು ಪ್ರಶ್ನೆ. ಆರ್ಡುಇನೋದ ಸೀರಿಯಲ್ ಮಾನಿಟರಿನಲ್ಲಿ ಇದೇ ಆಜ್ಞೆಗಳನ್ನ ಕೈಯಾರೆ ಟೈಪ್ ಮಾಡಿದ್ರೆ ಸರಿಯಾಗಿ ಕೆಲಸ ಮಾಡುತ್ತಾ? ಪೈಥಾನ್‌ನಿಂದ ಒಂದೊಂದು ಆಜ್ಞೆ ಹೋಗುವಾಗ ಬೋರ್ಡಿನ ಮೇಲೆ ಎಲ್ ಅಂತ ಬರೆದ ಪುಟ್ಟ ದೀಪ ಮಿಣಮಿಣ ಅನ್ನುತ್ತಾ?

ಕ್ರಿಸ್ಟಲ್‌ಕಿಟ್ಟಿ:
ಮೇಡಂ, ಮಾನಿಟರಿನಲ್ಲಿ ಸೊಗಸಾಗಿ ನಡೆಯುತ್ತೆ! ಅದನ್ನ ಹೇಳೋದೇ ಮರೆತೆ. ದೀಪನೂ ಹೌದು, ಪ್ರತಿ ಆಜ್ಞೆಗೂ ಮಿಣುಕುತ್ತೆ. ಡೇಟಾ ಬರ್ತಿದೆ ಅಂತ ತೋರಿಸ್ತಿದೆ ಅಂದುಕೊಂಡಿದ್ದೆ.

ತರಂಗಿಣಿ:
ಅದು ಡೇಟಾ ದೀಪ ಅಲ್ಲ, ಬೋರ್ಡ್ ರೀಸೆಟ್ ಆಗ್ತಿದೆ. ನಿಮ್ಮ ಕಳಿಸೋ ಫಂಕ್ಷನ್ ಪ್ರತಿ ಸಲ ಪೋರ್ಟ್ ತೆಗೆದು, ಎರಡು ಸೆಕೆಂಡ್ ಕಾದು, ಬರೆದು, ಮುಚ್ಚುತ್ತೆ. ಸರಿ ತಾನೇ?

ಕ್ರಿಸ್ಟಲ್‌ಕಿಟ್ಟಿ:
ನನ್ನ ಪ್ರೋಗ್ರಾಂ ನೋಡಿಬಿಟ್ರಾ?! ಎಲ್ಲೋ ಓದಿ ಎರಡು ಸೆಕೆಂಡ್ ಹಾಕಿದ್ದೆ. ಅದಿಲ್ಲದೆ "ಓಕೆ"ನೇ ಬರ್ತಿರಲಿಲ್ಲ.

ತರಂಗಿಣಿ:
ಪೋರ್ಟ್ ತೆರೆದಾಗೆಲ್ಲ ಡಿಟಿಆರ್ ಗೆರೆ (ಕಂಪ್ಯೂಟರ್ ಸಿದ್ಧ ಅಂತ ಹೇಳೋ ಸೀರಿಯಲ್ ಸಂಕೇತ) ಕೆಳಗಿಳಿಯುತ್ತೆ, ಅದು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ರೀಸೆಟ್ ಪಿನ್ನಿಗೆ ತಟ್ಟುತ್ತೆ. ಎರಡು ಸೆಕೆಂಡಿನಲ್ಲಿ ಬೂಟ್‌ಲೋಡರ್ (ಬೋರ್ಡ್ ಎದ್ದಾಗ ಮೊದಲು ಓಡೋ ಪುಟ್ಟ ಪ್ರೋಗ್ರಾಂ) ಮುಗಿದು ಬೋರ್ಡಿನೊಳಗಿನ ನಿಮ್ಮ ಪ್ರೋಗ್ರಾಂ ಹೊಸದಾಗಿ ಶುರುವಾಗಿರುತ್ತೆ, ಶುರು ಫ್ರೀಕ್ವೆನ್ಸಿ ತಗೊಂಡು ಪ್ರಾಮಾಣಿಕವಾಗಿ ಓಕೆ ಅನ್ನುತ್ತೆ. ಮುಂದಿನ ಆಜ್ಞೆಗೆ ಮತ್ತೆ ರೀಸೆಟ್, ಮತ್ತೆ ಹುಟ್ಟು. ಹಿಂದಿನ ಜನ್ಮದ ನೆನಪು ಎಲ್ಲಿಂದ ಬರಬೇಕು? ಸೀರಿಯಲ್ ಮಾನಿಟರ್ ಪೋರ್ಟನ್ನ ತೆರೆದೇ ಇಟ್ಟಿರುತ್ತೆ, ಅದಕ್ಕೇ ಅಲ್ಲಿ ಸರಿ. ಪೈಥಾನ್ ಪ್ರೋಗ್ರಾಂ ಶುರುವಿನಲ್ಲಿ ಒಂದೇ ಸಲ ತೆರೆಯಿರಿ, ಎಲ್ಲಾ ಮುಗಿದ ಮೇಲೆ ಮುಚ್ಚಿ.

ಬೆಸುಗೆಬಸ್ಯ:
ಅಥವಾ ರೀಸೆಟ್‌ಗೂ ಗ್ರೌಂಡಿಗೂ ಮಧ್ಯೆ ಒಂದು 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸಿಕ್ಕಿಸಿ. ಡಿಟಿಆರ್ ತಟ್ಟಿದ್ದನ್ನ ಅದು ನುಂಗುತ್ತೆ. ಪ್ರೋಗ್ರಾಂ ಮುಟ್ಟೋದೇ ಬೇಡ.

ತರಂಗಿಣಿ:
ಅದು ತೇಪೆ ಹಚ್ಚಿದ ಹಾಗೆ.

ಬೆಸುಗೆಬಸ್ಯ:
ತೇಪೆ ಹಚ್ಚಿದ ಕೊಡದಲ್ಲೂ ನೀರು ನಿಲ್ಲುತ್ತೆ ಮೇಡಂ.

ಕ್ರಿಸ್ಟಲ್‌ಕಿಟ್ಟಿ:
ಕೆಪ್ಯಾಸಿಟರ್ ಹಾಕಿದೆ. 9.990ರಿಂದ 10.010, ಕೇಳಿದಷ್ಟೇ! ತರಂಗಿಣಿ ಮೇಡಂಗೆ ಸಾಷ್ಟಾಂಗ.
ಆದ್ರೆ ಈಗ ಹೊಸ ತಲೆನೋವು. ಲ್ಯಾಡರ್ ಫಿಲ್ಟರ್ (ಸಾಲಾಗಿ ಕ್ರಿಸ್ಟಲ್ ಜೋಡಿಸಿದ ಫಿಲ್ಟರ್) ಕಟ್ಟೋಕೆ 10 ಮೆಗಾಹರ್ಟ್ಸ್ ಕ್ರಿಸ್ಟಲ್‌ಗಳನ್ನ ಅಳೆದು, ಫ್ರೀಕ್ವೆನ್ಸಿ ಹೊಂದೋವನ್ನ ಜೋಡಿ ಮಾಡ್ತಿದೀನಿ. ಕೆಳಗಿಂದ ಮೇಲಕ್ಕೆ ಸ್ವೀಪ್ ಮಾಡಿದ್ರೆ ಶಿಖರ 9.9987ರಲ್ಲಿ, ಮೇಲಿಂದ ಕೆಳಕ್ಕೆ ಬಂದ್ರೆ 9.9975. ಅದೇ ಕ್ರಿಸ್ಟಲ್! 1.2 ಕಿಲೋಹರ್ಟ್ಸ್ ವ್ಯತ್ಯಾಸ. ಹೆಜ್ಜೆ 10 ಹರ್ಟ್ಸ್. ಈಗಾಗ್ಲೇ 20 ಕ್ರಿಸ್ಟಲ್ ಅಳೆದು ಮೈಮೇಲೆ ನಂಬರ್ ಬರೆದಿಟ್ಟಿದೀನಿ.

ಹಳೇರೇಡಿಯೋ:
ನೋಡಿದ್ರಾ? ಫ್ಲೋಟ್.

ಬೆಸುಗೆಬಸ್ಯ:
ಮೇಲಕ್ಕೆ ಹೋಗುವಾಗ ಒಂದು ಫ್ಲೋಟು, ಕೆಳಕ್ಕೆ ಬರುವಾಗ ಇನ್ನೊಂದಾ? ಕ್ರಿಸ್ಟಲ್ ರಿಂಗ್ ಆಗ್ತಿದೆ ಮಾರಾಯ್ರೇ, ಹೊಡೆದ ಗಂಟೆ ಥರ ಆಮೇಲೂ ಮೊಳಗ್ತಿದೆ. ಸ್ವೀಪ್ ವೇಗ ಬ್ಯಾಂಡ್‌ವಿಡ್ತಿನ ವರ್ಗಕ್ಕಿಂತ ಚೆನ್ನಾಗಿ ಕಡಿಮೆ ಇರಬೇಕು. ನಿಧಾನ ಓಡಿಸಿ.

ತರಂಗಿಣಿ:
ಬಸ್ಯ, ಆ ನಿಯಮ ಇಲ್ಲಿ ದಾಟಿಲ್ಲ ಅನ್ಸುತ್ತೆ. ಒಂದು ಬಿಂದುವಿಗೆ ಫ್ರೀಕ್ವೆನ್ಸಿ, ಅಲ್ಪವಿರಾಮ, ರೀಡಿಂಗ್, ಸಾಲಿನ ಕೊನೆ ಸೇರಿ ಹೆಚ್ಚುಕಡಿಮೆ 14 ಅಕ್ಷರ. 115200ರಲ್ಲಿ ಅದಕ್ಕೇ 1.2 ಮಿಲಿಸೆಕೆಂಡ್. ಅಂದ್ರೆ ಸೆಕೆಂಡಿಗೆ ಸುಮಾರು 8 ಕಿಲೋಹರ್ಟ್ಸ್, ಸೀರಿಯಲ್ ಕೇಬಲ್ಲೇ ಬ್ರೇಕ್ ಹಾಕಿದೆ. 200 ಹರ್ಟ್ಸ್ ಅಗಲದ ಕ್ರಿಸ್ಟಲ್ ಆದ್ರೂ ವರ್ಗ 40,000. ಸಾಕಷ್ಟು ಜಾಗ ಇದೆ. ಕಿಟ್ಟಿ ಅವರೇ, ಡಿಟೆಕ್ಟರ್ ಔಟ್‌ಪುಟ್‌ನಿಂದ ಎ0 ಪಿನ್ನಿನ ತನಕ ಏನೇನಿದೆ?

ಕ್ರಿಸ್ಟಲ್‌ಕಿಟ್ಟಿ:
ಏನಿಲ್ಲ ಮೇಡಂ, ನೇರ ತಂತಿ. ರೀಡಿಂಗ್ ಕುಣೀತಿತ್ತು ಅಂತ ಗ್ರೌಂಡಿಗೆ ಒಂದು 10 ಮೈಕ್ರೋ ಇದೆ, ಮಾಮೂಲಿ. ಈಗ ಗ್ರಾಫ್ ಬೆಣ್ಣೆ ಥರ ನಯ.

ತರಂಗಿಣಿ:
ಆ ಬೆಣ್ಣೆಯೇ ನಿಮ್ಮ 1.2 ಕಿಲೋಹರ್ಟ್ಸ್. ಎಡಿ8307 ಔಟ್‌ಪುಟ್ ಒಳಗಡೆ 12.5 ಕಿಲೋಓಮ್ ಇದೆ. ಡೆಸಿಬೆಲಿಗೆ 25 ಮಿಲಿವೋಲ್ಟ್ ಬರೋದೇ ಅದರ ಮೇಲೆ. ಅದಕ್ಕೆ 10 ಮೈಕ್ರೋ ತಗಲಿಸಿದ್ರೆ ಕಾಲಸ್ಥಿರಾಂಕ 125 ಮಿಲಿಸೆಕೆಂಡ್. ಅಷ್ಟರಲ್ಲಿ ಜನರೇಟರ್ ನೂರು ಹೆಜ್ಜೆ, 1 ಕಿಲೋಹರ್ಟ್ಸ್ ಮುಂದೆ ಹೋಗಿರುತ್ತೆ. ಡಿಟೆಕ್ಟರ್ ಹಳೇ ಸುದ್ದಿ ಓದ್ತಾ ಕೂತಿರುತ್ತೆ. ಆ 10 ಮೈಕ್ರೋ ತೆಗೆದು 0.01 ಹಾಕಿ, 125 ಮೈಕ್ರೋಸೆಕೆಂಡಿಗೆ ಇಳಿಯುತ್ತೆ.

ಕ್ರಿಸ್ಟಲ್‌ಕಿಟ್ಟಿ:
10 ಮೈಕ್ರೋ ತೆಗೆದೆ. ಮತ್ತೆ 1ರಿಂದ 30 ಮೆಗಾಹರ್ಟ್ಸ್ ಓಡ್ತಿದೆ!! ಹಳೇ ಪಿಶಾಚಿ ವಾಪಸ್.

ಬೆಸುಗೆಬಸ್ಯ:
ಯಾವ 10 ಮೈಕ್ರೋ ತೆಗೆದ್ರಿ?

ಕ್ರಿಸ್ಟಲ್‌ಕಿಟ್ಟಿ:
…ರೀಸೆಟ್‌ದು.

ತರಂಗಿಣಿ:
ಒಳ್ಳೇದೇ ಆಯ್ತು, ಅದನ್ನ ಹೊರಗೇ ಬಿಡಿ. ಅದಿದ್ರೆ ಮುಂದೆ ಹೊಸ ಪ್ರೋಗ್ರಾಂ ಅಪ್‌ಲೋಡ್ ಮಾಡುವಾಗ ಬೋರ್ಡ್ ಉತ್ತರಿಸ್ತಿಲ್ಲ ಅಂತ ಇನ್ನೊಂದು ರಾತ್ರಿ ಹಾಳು ಮಾಡ್ಕೋತಿದ್ರಿ. ಪೋರ್ಟ್ ಒಂದೇ ಸಲ ತೆರೆಯೋ ಹಾಗೆ ಪ್ರೋಗ್ರಾಂ ತಿದ್ದಿ. ಆಮೇಲೆ ಡಿಟೆಕ್ಟರಿನದು ತೆಗೀರಿ.

ಜಿಪಿಐಬಿಗುಂಡ:
ಜಿಪಿಐಬಿಯಲ್ಲಿ ಈ ರೀಸೆಟ್ ಗೋಳೇ ಇಲ್ಲ. 15 ಉಪಕರಣ, ಒಟ್ಟು 20 ಮೀಟರ್ ಕೇಬಲ್, ಆರಾಮ. ಚಿತ್ರ ಹಾಕಲಾ?

ಬೆಸುಗೆಬಸ್ಯ:
ಬೇರೆ ಚರ್ಚೆ ತೆರೆದು ಹಾಕಿ ಗುಂಡಣ್ಣ, ನೋಡ್ತೀವಿ.

ಕ್ರಿಸ್ಟಲ್‌ಕಿಟ್ಟಿ:
ಎರಡೂ ಮಾಡಿದೆ. ಮೇಲಕ್ಕೆ 9.99813, ಕೆಳಕ್ಕೆ 9.99811. ಗ್ರಾಫ್ ಸ್ವಲ್ಪ ಗರಗಸದ ಹಲ್ಲಿನ ಥರ ಇದೆ, ಪರವಾಗಿಲ್ಲ, ಪ್ರತಿ ಬಿಂದುವಿನಲ್ಲಿ 8 ಸಲ ಓದಿ ಸರಾಸರಿ ತಗೋತೀನಿ. ಮೊದಲು ಅಳೆದ 20 ಕ್ರಿಸ್ಟಲ್ ಕಥೆ ಏನು? ಎಲ್ಲಾ ಕೆಳಗಿಂದ ಮೇಲಕ್ಕೇ ಅಳೆದದ್ದು.

ಬೆಸುಗೆಬಸ್ಯ:
ಎಲ್ಲದರಲ್ಲೂ ಹತ್ರ ಹತ್ರ ಅಷ್ಟೇ ಜಾರಿರುತ್ತೆ. ದಪ್ಪ ಜರಡಿಯ ಜೋಡಿ ಹಾಗೇ ಉಳಿಯುತ್ತೆ, ಬಿಡಿ.

ತರಂಗಿಣಿ:
ಜೋಡಿ ಮಟ್ಟಿಗೆ ಒಪ್ಪಿದೆ. ಆದ್ರೆ 3 ಡೆಸಿಬೆಲ್ ಅಗಲವನ್ನೂ ಬರೆದಿಟ್ಟಿದ್ರೆ ಅದನ್ನ ಹರಿದುಹಾಕಿ. ಆ ಕೆಪ್ಯಾಸಿಟರ್ ಶಿಖರವನ್ನ ಚಪ್ಪಟೆ ಮಾಡಿ ಅಗಲಿಸಿರುತ್ತೆ. ಕ್ರಿಸ್ಟಲಿನ ಇಂಡಕ್ಟೆನ್ಸ್ ಲೆಕ್ಕ ಮಾಡೋದು ಆ ಅಗಲದಿಂದಲೇ. ಅಗಲ ಎರಡರಷ್ಟು ಕಂಡ್ರೆ ಇಂಡಕ್ಟೆನ್ಸ್ ಅರ್ಧ ಅಂತ ಬರುತ್ತೆ, ಫಿಲ್ಟರಿನ ಕೆಪ್ಯಾಸಿಟರ್‌ಗಳೆಲ್ಲ ತಪ್ಪು.

ಕ್ರಿಸ್ಟಲ್‌ಕಿಟ್ಟಿ:
ಬರೆದಿದ್ದೆ. ಹರಿದೆ.
ಇನ್ನೊಂದು, ಅದೇ ಕ್ರಿಸ್ಟಲ್ ತೆಗೆದು ಮತ್ತೆ ಹಾಕಿದ್ರೆ ಮೊದಲ ರೀಡಿಂಗ್ ಕೆಲವು ಹತ್ತು ಹರ್ಟ್ಸ್ ಆಚೆ, ಆಮೇಲೆ ಮೆಲ್ಲಗೆ ವಾಪಸ್ ಬರುತ್ತೆ. ಇದೂ ಕೆಪ್ಯಾಸಿಟರಾ?

ಹಳೇರೇಡಿಯೋ:
ಇದು ನಿಮ್ಮ ಬೆರಳು. ಕೈ ಬಿಸಿ ಕ್ರಿಸ್ಟಲಿಗೆ ಹತ್ತುತ್ತೆ. ಚಿಮಟದಲ್ಲಿ ಹಿಡಿದು ಹಾಕಿ, ಎರಡು ನಿಮಿಷ ಬಿಟ್ಟು ಅಳೆಯಿರಿ. ನಲವತ್ತು ವರ್ಷದಿಂದ ಕ್ರಿಸ್ಟಲ್ ಹಿಡಿದ ಕೈ ಇದು.

ಕ್ರಿಸ್ಟಲ್‌ಕಿಟ್ಟಿ:
ಸರಿಯಾಗಿ ಹೇಳಿದ್ರಿ ಸರ್. ಚಿಮಟದಲ್ಲಿ ಹಾಕಿ ಕಾದೆ, ಮೂರು ಸಲವೂ 9.99812. ನಂಬರ್‌ಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ ಒಂದರಿಂದ ಶುರು ಮಾಡ್ತಿದೀನಿ.

ಹಳೇರೇಡಿಯೋ:
ಹಾಗೇ ಆ ಫ್ಲೋಟೂ.