ರೋಟರಿ ಎಂಜಿನ್ನಿನ ಮಾಜ್ದಾ ಆರ್‌ಎಕ್ಸ್-8 ಕೊಳ್ಳಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಕೆಲಸದ ನಿಮಿತ್ತ ಕೆಲವು ವರ್ಷ ಇಂಗ್ಲೆಂಡಿನಲ್ಲಿರಬೇಕಾಗಿದೆ. ಬಹುದಿನಗಳಿಂದ ಆಸೆಪಟ್ಟ ಆರ್‌ಎಕ್ಸ್-8 ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳುವ ಮುನ್ನ ಏನೇನು ನೋಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ. ಬರುವಾಗ ಜೊತೆಗೇ ತರಬಹುದೇ?

ಉತ್ತರ (ಮಂಡ್ಯ):
ಬೆಲೆ ಇಳಿದಿರುವುದಕ್ಕೆ ಎಂಜಿನ್ನೇ ಮುಖ್ಯ ಕಾರಣ ಸರ್. ಇದರಲ್ಲಿ ಪಿಸ್ಟನ್ನಿನ ಬದಲು ತಿರುಗುವ ತ್ರಿಕೋನಾಕಾರದ ರೋಟರ್ ಇರುತ್ತದೆ. ಅದರ ಮೂರು ಮೂಲೆಗಳಲ್ಲಿ ಅನಿಲ ಸೋರದಂತೆ ತಡೆಯುವ ಅಪೆಕ್ಸ್ ಸೀಲುಗಳು ಸವೆದರೆ ಕಂಪ್ರೆಷನ್ (ಎಂಜಿನ್ನಿನೊಳಗಿನ ಒತ್ತಡ) ಕುಸಿದು, ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆದ್ದರಿಂದ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಕೂಡಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಿ, ಮತ್ತು ರೋಟರಿಗೆಂದೇ ಇರುವ ಉಪಕರಣದಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ.

ಉತ್ತರ (ಯಾದವಗಿರಿ, ಮೈಸೂರು):
ಎಂಜಿನ್ ಆಯಿಲ್ ಕುಡಿಯುವುದು ಇದರ ದೋಷವಲ್ಲ. ನಮ್ಮ ಬಡಾವಣೆಯಲ್ಲೇ ತಯಾರಾಗುತ್ತಿದ್ದ ಟೂ-ಸ್ಟ್ರೋಕ್ ಯೆಜ್ಡಿಯಂತೆ ಇದೂ ಆಯಿಲನ್ನು ಉರಿಸುವಂತೆಯೇ ರೂಪುಗೊಂಡಿದೆ, ಹಾಗಾಗಿ ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಗೇಟಿನಾಚೆ ನಿಲ್ಲಿಸಿ ತಕ್ಷಣ ಆಫ್ ಮಾಡಿದರೆ ಸ್ಪಾರ್ಕ್ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದು, ಮತ್ತೆ ಸ್ಟಾರ್ಟ್ ಆಗದಿರಬಹುದು. ಮೈಲೇಜನ್ನಂತೂ ಕೇಳಲೇಬೇಡಿ. ಇಷ್ಟಾದರೂ, ಟರ್ಬೊ ಇಲ್ಲದ 1.3 ಲೀಟರಿನ ಎಂಜಿನ್, ಹೆಚ್ಚು ಶಕ್ತಿಯ ಆರು ಗೇರಿನ ಮಾದರಿಯಲ್ಲಿ, ನಡುಕವಿಲ್ಲದೆ 9,000 ಆರ್‌ಪಿಎಂ ತಲುಪುವ ಪರಿಗೆ ನಾನು ಮನಸೋತಿದ್ದೇನೆ. ಒಳ್ಳೆಯ ಗಾಡಿ ಸಿಕ್ಕರೆ ಖಂಡಿತ ಕೊಳ್ಳಿ.

ಉತ್ತರ (ಮಂಡ್ಯ):
ತರುವ ವಿಚಾರ ಬಿಟ್ಟುಬಿಡಿ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ, ಇದರ ತಯಾರಿಕೆಯೋ 2012ರಲ್ಲೇ ನಿಂತಿದೆ. ಅಲ್ಲೇ ಮಾರಿ ಬರಬೇಕಾಗುತ್ತದೆ.